ಅಕ್ಕನ ಅಳತೆಯ ಅಂಗಿ

ಅಮ್ಮಾ,

ನೀನು ಹೋಗಿ ಮೂರು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹಾಕುವುದಲ್ಲ. ಊರಿಗೆಲ್ಲ ಟೇಪು ಹಿಡಿದು ಹೊಲಿದುಕೊಟ್ಟ ನೀನು, ನನಗೆ ಮಾತ್ರ ಅಕ್ಕನ ಅಳತೆಯ ಕಾಗದದ ಮಾದರಿ ಇಟ್ಟೇ ಬಟ್ಟೆ ಕತ್ತರಿಸಿದೆ. ಹೆಗಲು ಜಾರುತ್ತದೆ ಎಂದರೆ, "ನೆಟ್ಟಗೆ ನಿಲ್ಲೋಕೆ ಬರಲ್ವೇನೇ, ಸೊಟ್ಟಿ" ಎನ್ನುತ್ತಿದ್ದೆ.

ಈ ಐವತ್ತರಲ್ಲಿ ನನ್ನದೇ ಅಳತೆಯಿಂದ ನನ್ನ ಬಟ್ಟೆಯನ್ನೆಲ್ಲ ಹೊಲಿದುಕೊಳ್ಳೋಣವೆಂದು ನಿನ್ನೆ ಕೂತೆ. ಬೆನ್ನಿನ ಅಳತೆ ಒಬ್ಬಳಿಂದಾಗದು. ಅಕ್ಕ ಟೇಪು ಹಿಡಿದಳು.

"ಬಲ ಹೆಗಲು ಒಂದು ಬೆರಳು ತಗ್ಗು ಕಣೇ. ಅಮ್ಮಂದೂ ಹೀಗೇ ಇತ್ತು. ಹೆಗಲು ಸಮ ಕಾಣ್ಲಿ ಅಂತ ತನ್ನ ಅಂಗಿಗೆ ಅಲ್ಲಿ ಬಟ್ಟೆ ಮಡಚಿ ಹೊಲ್ಕೊತಿದ್ಲು."

ದೇವರು ನಿನ್ನ ಹೆಗಲನ್ನೇ ನನಗೂ ಕೊಟ್ಟಿದ್ದನಮ್ಮಾ. ಒಮ್ಮೆ ಕೈಯಿಟ್ಟು ನೋಡಿದ್ದರೆ ನಿನಗೆ ತಿಳಿಯುತ್ತಿತ್ತು.

ನೀನು ಮಲಗಿದಲ್ಲೇ ಆದಾಗ ಬಟ್ಟೆ ತೊಡಿಸಿದವಳು ಅಕ್ಕ. ನಾನು ಬಾಗಿಲಲ್ಲೇ ನಿಂತಿದ್ದೆ; ನಾನೂ ನಿನ್ನ ಹೆಗಲಿಗೆ ಕೈಯಿಟ್ಟು ನೋಡಲಿಲ್ಲ.