ನಿಮ್ಮ ಭಾವನ ನೋವಿನ ಕಾಲು

ಪುತ್ತಿಗೆ
೫-೧-೧೯೬೧

ಪ್ರೀತಿಯ ರಮಾನಾಥಣ್ಣಾ,

ತಂಗಿ ವಿನೋದಾಳ ನಮಸ್ಕಾರ. ಬೊಂಬಾಯಿಯ ಹೋಟೆಲಿನಲ್ಲಿ ಒಲೆಯೆದುರು ನಿಂತು ನಿಮಗೆ ಬರುತ್ತಿದ್ದ ತಲೆನೋವು ಈಗ ಹೇಗುಂಟು? ಅತ್ತಿಗೆ ಜತೆಯಲ್ಲಿಲ್ಲವೆಂದು ಬರೀ ಚಹಾ ಕುಡಿದು ದಿನ ತಳ್ಳಬೇಡಿ. ಇಲ್ಲಿ ಅತ್ತೆ, ನಿಮ್ಮ ಭಾವ, ನಾನು ಎಲ್ಲರೂ ಸೌಖ್ಯ. ಸೌಖ್ಯ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದೆ.

ವಿಷಯ ಕಬಡ್ಡಿಯದ್ದು. ನಗಬೇಡಿ. ಕೊಯ್ಲು ಮುಗಿದ ಮೇಲೆ ಇಲ್ಲಿಯ ಗದ್ದೆಯಲ್ಲಿ ನಮ್ಮ ತವರೂರು ಮಾಣಿಯವರಿಗೂ ಪುತ್ತಿಗೆಯವರಿಗೂ ಪಂದ್ಯವಾಯಿತು. ನಮ್ಮ ತಮ್ಮ ನಿತ್ಯಾನಂದನನ್ನು ಹಿಡಿದು ಕೆಡವಿ, ಅವನ ಕಬಡ್ಡಿಯ ಉಸಿರು ಮುಗಿದು ಔಟಾದ ಮೇಲೂ ಯಾರೋ ಮೊಣಕೈಯಿಂದ ಗುದ್ದಿ ಮುಂದಿನ ಹಲ್ಲು ಮುರಿದರು. ಸೀಟಿ ಊದಬೇಕಾದವನು ಅದನ್ನು ಜೇಬಿಗೆ ಹಾಕಿಕೊಂಡು ಓಡಿದ. ನೀವು ಸೀಟಿ ಹಿಡಿದಿದ್ದಾಗ ಆಟದ ಮೊದಲು ಎಲ್ಲರ ಉಗುರು ನೋಡುತ್ತಿದ್ದಿರಿ, ಉಂಗುರ ಕಡಗ ಬಿಚ್ಚಿಸುತ್ತಿದ್ದಿರಿ. ಈ ಊರಿನವರು ಆ ಊರಿನವರಿಗೆ ಕೈಯಾರೆ ಬೆಲ್ಲ ನೀರು ಕೊಟ್ಟ ಮೇಲೆಯೇ ಆಟ. "ನೀರು ಕೊಟ್ಟ ಕೈಯಲ್ಲಿ ಹೊಡೀಲಿಕ್ಕೆ ನಾಚಿಕೆ ಆಗ್ಬೇಕು ಮಾರಾಯ" ಎನ್ನುತ್ತಿದ್ದಿರಿ. ಉಗುರು ಉದ್ದವೆಂದು ಸ್ವಂತ ತಮ್ಮನನ್ನೇ ಹೊರಗೆ ಕೂರಿಸಿದವರು ನೀವು. ಅವನು ಎಷ್ಟೋ ದಿನ ಮುಖ ಊದಿಸಿಕೊಂಡಿದ್ದ. ಈಗ ಬೆಲ್ಲವೂ ಇಲ್ಲ, ನಾಚಿಕೆಯೂ ಇಲ್ಲ.

ಸಂಕ್ರಾಂತಿಯ ಮರುವಾರದ ಆದಿತ್ಯವಾರ ಮಾಣಿಯಲ್ಲಿ ಮತ್ತೆ ಪಂದ್ಯ. ಅಲ್ಲಿಯವರೆಗೆ ನಾನು ತವರಿನ ಸುದ್ದಿ ಎತ್ತಬಾರದೆಂದು ಅತ್ತೆಯ ಅಪ್ಪಣೆ. ನಿಮ್ಮ ಭಾವ ಮೊನ್ನೆ ಮೊಣಕಾಲಿಗೆ ಕಟ್ಟುವ ಪಟ್ಟಿ ತಂದು, ಒಳಗೆ ಡಬ್ಬಿಯ ತಗಡು ಇಟ್ಟು ಹೊಲಿ ಎಂದರು. ಯಾರ ಮೈಗೆ ತಾಗಿಸಲು ಎಂದು ಕೇಳಿದೆ. "ನಿನಗೆ ಹೊಲೀಲಿಕ್ಕೆ ಬರ್ತದಲ್ಲ, ಅಷ್ಟು ಸಾಕು" ಎಂದರು. ಹಲ್ಲು ಹೋದವನ ಅಕ್ಕನೇ ಹೊಲಿಯಬೇಕಂತೆ! ಸಿಟ್ಟಿನಿಂದ ಮೈ ಉರಿಯಿತು.

ಇವತ್ತು ಬೆಳಿಗ್ಗೆ, ಬಂಟ್ವಾಳದಿಂದ ಬಟ್ಟೆ ಹೊತ್ತು ಮಾಣಿಗೂ ಇಲ್ಲಿಗೂ ಮಾರಲು ಬರುವ ಶುಕೂರ್ ಬ್ಯಾರಿಗಳು, "ಅಕ್ಕಾ, ಭಾವನಿಗೆ ಯಾವ ಕಾಲು ನೋವುಂಟು ಅಂತ ನಿತ್ಯಾನಂದ ಕೇಳಿದ್ದಾನೆ. ಎಣ್ಣೆ ಕಳಿಸ್ತಾನಂತೆ" ಎಂದರು. ಸೈಕಲಿನಿಂದ ಬಿದ್ದು ನಿಮ್ಮ ಭಾವನ ಒಂದು ಮೊಣಕಾಲು ಸರಿಯಿಲ್ಲ. ಯಾವುದೆಂದು ದಿನವೂ ಎಣ್ಣೆ ತಿಕ್ಕುವ ನನಗೆ ಮಾತ್ರ ಗೊತ್ತು. ತಮ್ಮನಿಗೆ ಎಷ್ಟು ಪ್ರೀತಿ ಎಂದು ಕಣ್ಣು ತುಂಬಿ ಬಂತು, ಹೇಳಲು ಬಾಯಿ ತೆರೆದೆ. ಆಗ ಹೊಳೆಯಿತು, ಎಣ್ಣೆಗೆ ಎಡ ಬಲ ಯಾಕೆ? ಬ್ಯಾರಿಗಳಿಗೆ ಪಾಪ, ಏನೂ ಗೊತ್ತಿಲ್ಲ.

ಇವರು ನನ್ನ ಗಂಡ, ಅವನು ನಾನು ಎತ್ತಿ ಆಡಿಸಿದವನು. ಹೊಡೆದಾಡಲು ಇಬ್ಬರಿಗೂ ನನ್ನ ಸಹಾಯವೇ ಬೇಕು. ಹೇಳಿಕೊಳ್ಳಲು ಇಲ್ಲಿ ನನಗೆ ಯಾರೂ ಇಲ್ಲ, ಭಯವಾಗುತ್ತದೆ. ಎರಡೂ ಊರಿನವರು ಕೇಳುವುದು ನಿಮ್ಮ ಮಾತು ಒಂದನ್ನೇ. ಹೇಗಾದರೂ ರಜೆ ಪಡೆದು ಬಂದು ಸೀಟಿ ಹಿಡಿಯಿರಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ತಂಗಿ,
ವಿನೋದಾ

ತಾ.ಕ.: ಬ್ಯಾರಿಗಳು ಗಂಟು ಕಟ್ಟಿ ಅಂಗಳಕ್ಕೆ ಇಳಿದರು, ಪತ್ರ ಅವರ ಕೈಯಲ್ಲೇ ಅಂಚೆಗೆ ಕಳಿಸುತ್ತೇನೆ. ಎಣ್ಣೆಯನ್ನು ತಾನೇ ತಂದು ಭಾವನ ಕಾಲಿಗೆ ತಿಕ್ಕಲಿ, ಯಾವ ಕಾಲೆಂದು ಆಗ ಗೊತ್ತಾಗುತ್ತದೆ ಎಂದು ನಿತ್ಯನಿಗೆ ಹೇಳಿ ಕಳಿಸಿದ್ದೇನೆ. ಪಟ್ಟಿಯೂ ಹೊಲಿದಾಯಿತು. ಒಳಗೆ ತಗಡಿಲ್ಲ, ಬರೀ ಹತ್ತಿ. ಆಟದ ದಿನವೇ ಕೊಡುತ್ತೇನೆ. ಕಟ್ಟಿಕೊಳ್ಳುವಾಗ ಇವರಿಗೆ ಗೊತ್ತಾಗುತ್ತದೆ. ಅಣ್ಣಾ, ಆ ಹೊತ್ತಿಗೆ ನೀವು ಅಲ್ಲಿರಬೇಕು.