ಕತ್ತರಿಸಿ ತೆಗೆದ ಸಾಲು

ಸೋಮವಾರ, ಜೂನ್ 3

ಆಸ್ಪತ್ರೆಯ ಲೈಬ್ರರಿಯಲ್ಲಿ ಮತ್ತೆ ಅದೇ ಕೆಲಸ — ರೋಗಿಗಳ ಫೇಸ್‌ಬುಕ್ ಗ್ರೂಪ್‌ಗಳನ್ನು ಜಾಲಾಡುವುದು. ಹೊಸ ಬಿ.ಪಿ. ಮಾತ್ರೆಯ ಬಗ್ಗೆ ಜನ ಏನನ್ನುತ್ತಾರೆ ಎಂದು ದೊಡ್ಡ ಡಾಕ್ಟರಿಗೆ ವರದಿ ಕೊಡಬೇಕು. ಜರ್ನಲ್‌ನಲ್ಲಿ ಬರುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಜನ ಅಂದೇ ಬರೆದಿರುತ್ತಾರೆ. ನನ್ನ ಪದ್ಧತಿ: ಹೆಸರು ತೆಗೆ, ಮನೆ ವಿಷಯ ಕತ್ತರಿಸು, ತೊಂದರೆಯನ್ನಷ್ಟೇ ಇಡು. ಬಹುಪಾಲು ಜೊಳ್ಳು. ಇವತ್ತು ಒಂದು ಗಟ್ಟಿ ಕಾಳು: ‘ಹೊಸ ಮಾತ್ರೆ ಶುರುವಾದ ಮೇಲೆ ಎದ್ದು ನಿಂತರೆ ಕಣ್ಣು ಕತ್ತಲೆ.’ ಉಳಿದದ್ದು ಸಂಸಾರದ ಗೋಳು. ಓದದೆ ಹಾರಿಸಿದೆ.

ಮನೆ ಬಿಡುವಾಗ ಅತ್ತೆಯದು ಅದೇ ರಾಗ: “ಫೋನ್ ನೋಡೋಕೂ ಸಂಬಳ ಕೊಡ್ತಾರಾ? ಪುಣ್ಯವಂತೆ ಕಣಮ್ಮ ನೀನು!”

ಮಂಗಳವಾರ

ಡಾಕ್ಟರ್ ಖುಷ್. “ಮೇಡಂ, ಇಂಥದ್ದೇ ಬೇಕಾಗಿತ್ತು. ಆ ಪೇಷಂಟ್ ವಯಸ್ಸೆಷ್ಟು, ಮಾತ್ರೆ ಎಷ್ಟು ತಗೋತಾರೆ, ನೋಡಿ ಹೇಳಿ.” ಹಿಗ್ಗಿ ಹೀರೇಕಾಯಿಯಾದೆ. ಬಿಡುವಾದಾಗ ನೋಡಿದರಾಯಿತು.

ಗುರುವಾರ, ಬೆಳಗ್ಗೆ 11

 ಈಗಷ್ಟೇ ಸೋಮವಾರದ ಆ ಪೋಸ್ಟ್ ಪೂರ್ತಿ ಓದಿದೆ. ಬರೆದವರ ಹೆಸರು ‘ಹಳೇ ರೇಡಿಯೋ’. ‘ಮನೇಲಿ ಹೇಳಿಲ್ಲ. ಸೊಸೆ ಆಸ್ಪತ್ರೆ ಲೈಬ್ರರೀಲಿದ್ದಾಳೆ. ದಿನಾ ಊರವರ ಕಾಯಿಲೆ ಓದಿ ಸುಸ್ತಾಗಿ ಬರ್ತಾಳೆ, ನಂದೂ ಯಾಕೆ ಅಂತ.’ ಪಕ್ಕದಲ್ಲಿ ಫೋಟೊ — ಬಾಲ್ಕನಿ, ನೀಲಿ ಬಕೆಟ್, ಹಿಡಿಕೆಗೆ ನಾನೇ ಸುತ್ತಿದ ತಂತಿ.

ಅತ್ತೆ!

ಅತ್ತೆಗೆ ಅಕೌಂಟ್ ಇದೆಯೆಂದೇ ಗೊತ್ತಿರಲಿಲ್ಲ. ಬಿ.ಪಿ. ಇರುವುದು ಗೊತ್ತು, ಮಾತ್ರೆ ಬದಲಾಗಿದ್ದು ಗೊತ್ತಿಲ್ಲ. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದ್ದು ಪಕ್ಕದ ಮನೆಯಾಕೆ: “ಗಾಬರಿ ಆಗ್ಬೇಡಿ... ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ಬಿಟ್ರು. ನಿಮ್ಮ ಆಸ್ಪತ್ರೆಗೇ ಕರ್ಕೊಂಡು ಬರ್ತಿದೀವಿ.”

 ಎಮರ್ಜೆನ್ಸಿ ಬಾಗಿಲಿಗೆ ಹೊರಟೆ.

ಗುರುವಾರ, ಸಂಜೆ

ಸೊಂಟದ ಮೂಳೆ ಮುರಿದಿದೆ. ನಾಳೆ ಆಪರೇಷನ್. ಡಾಕ್ಟರ್ ಆ ಮಾತ್ರೆ ನಿಲ್ಲಿಸಿದರು. “ಗ್ರೂಪಲ್ಲಿ ಬರೆದಿದ್ದು ಇವರೇನಾ?” ಹೂಂ ಎಂದೆ. 

ಅತ್ತೆ ಕೇಳಿಸಿಕೊಂಡರು.

“ಅಯ್ಯೋ, ಅದನ್ನ ಓದ್ಬಿಟ್ಯಾ?”

“ಓದಿದೆ ಅತ್ತೆ.”

“ಒಂದೆರಡು ದಿನ ಮೊದ್ಲೇ ನಿನ್ನ ಕಣ್ಣಿಗೆ ಬಿದ್ದಿದ್ರೆ ನೀನು ನನ್ನ ಬೈದು ಮೂಲೇಲಿ ಕೂರಿಸ್ತಿದ್ದೆ, ಅಲ್ವಾ? ನನ್ನ ಸೊಸೆ ಬಿಡೋಳಲ್ಲ!”

ನೋವಿನಲ್ಲೂ ನಕ್ಕರು. ನಾನೂ ನಕ್ಕೆ. ಹೇಗೆ ನಕ್ಕೆನೋ...

ಈಗ ಮಲಗಿದ್ದಾರೆ. ಕೈ ಇನ್ನೂ ನನ್ನ ಕೈಯಲ್ಲೇ ಇದೆ. ಎದ್ದ ಮೇಲೆ ಹೇಳಿಬಿಡಬೇಕು — ಅತ್ತೆ, ಸೋಮವಾರವೇ ನಾನು ಅದನ್ನು ನೋಡಿ, ಉಳಿದ ಸಾಲು ಕತ್ತರಿಸಿ...