ಕಡಲಾಮೆ, ನೆಲದಾಮೆ

ಮಾರ್ಚ್ 4, 2019, ಸೋಮವಾರ. ಬೆಳಗ್ಗೆ 8:20

ಮ್ಯೂಸಿಯಂ ಲ್ಯಾಬಿನಲ್ಲಿ ನಾಣ್ಯ ತೊಳೆಯುವ ಡಿಸ್ಟಿಲ್ಡ್ ನೀರು ಬದಲಿಸಿದೆ. ಬಟ್ಟಲಲ್ಲಿರುವ ಅಥೆನ್ಸ್ ನಾಣ್ಯದ ಗೂಬೆಗೆ ಒಂದು ಕಣ್ಣು ಮೂಡಿದೆ. ಇನ್ನೊಂದು ನಾಳೆ.

11:00

ಫ್ರೋಸೋ ಅಜ್ಜಿ ಬಂದಿದ್ದರು. ಬಂದರಿನ ಹಿಂದೆ ಪಿಸ್ತಾ ತೋಟದವರು. ಕರವಸ್ತ್ರ ಬಿಚ್ಚಿ ಮೇಜಿನ ಮೇಲೆ ಬೆಳ್ಳಿ ನಾಣ್ಯ ಇಟ್ಟರು. ನಮ್ಮ ಈಜಿನಾ ದ್ವೀಪದ್ದೇ, ಪ್ರಾಚೀನ. ಮೇಲೆ ಆಮೆಯ ಅಚ್ಚು. ಮೈಯೆಲ್ಲ ಕಪ್ಪು. ಸರಕಾರಕ್ಕೆ ಸೇರಬೇಕಾದ್ದು, ಗೊತ್ತಂತೆ. ಕೊಡುವ ಮೊದಲು ಒಂದೇ ಪ್ರಶ್ನೆ.

"ಇದು ಕಡಲಾಮೆಯೋ ನೆಲದಾಮೆಯೋ, ಅಷ್ಟು ಹೇಳಮ್ಮ."

ತೊಳೆಯದೆ ಹೇಳಲಾಗದು ಅಂದೆ.

ಮಾರ್ಚ್ 6

ಮತ್ತೆ ಬಂದರು. ಕೇಳದೆಯೇ ಎಲ್ಲ ಹೇಳಿದರು. ಗಂಡ ಸ್ತ್ರಾತಿಸ್ ಹಡಗಿನಲ್ಲಿದ್ದವರು. ಒಡಹುಟ್ಟಿದ ತಮ್ಮ ಕಣ್ಣೆದುರೇ ಮುಳುಗಿ ಸತ್ತ ಮೇಲೆ ಹೆಂಡತಿಯ ಮಾತಿಗೆ ತೋಟಕ್ಕೆ ಇಳಿದರು. 1988ರಲ್ಲಿ ಗುಂಡಿ ತೋಡುವಾಗ ಇದು ಸಿಕ್ಕಿತು. ಕಡಲಾಮೆ, ಕಡಲು ಕರೀತಿದೆ ಅಂದರಂತೆ. ಗಂಡ ಮತ್ತೆ ಹಡಗು ಹತ್ತಿಯಾರೆಂಬ ಭಯಕ್ಕೆ ಆ ವಾರವೇ ಅಜ್ಜಿ ನಾಣ್ಯ ಬಚ್ಚಿಟ್ಟರು. ಕಳೆದುಹೋಯಿತೆಂದುಕೊಂಡು ಗಂಡ ಪ್ರತಿ ಮರದ ಬುಡ ಕೆದಕಿದರು. ವರ್ಷಗಟ್ಟಲೆ. ಕಡಲಿಗೆ ಮಾತ್ರ ಹೋಗಲಿಲ್ಲ. ಹೋದ ಡಿಸೆಂಬರಿನಲ್ಲಿ ತೀರಿಕೊಂಡರು.

ಬರೆದುಕೊಂಡೆ.

ಮಾರ್ಚ್ 15. ಮಧ್ಯಾಹ್ನ

ಕಪ್ಪು ಪದರ ಬಿಟ್ಟಿತು. ಕಡಲಾಮೆಯಾದರೆ ಚಿಪ್ಪು ನುಣುಪು, ನಡುಬೆನ್ನಿಗೆ ಚುಕ್ಕಿಸಾಲು. ಇಲ್ಲಿ ಚಿಪ್ಪು ಮನೆಮನೆಯಾಗಿ ಹೆಣೆದಿದೆ. ಕಾಲಿಗೆ ಉಗುರು. ನೆಲದಾಮೆ. ಅಥೆನ್ಸಿಗೆ ಸೋತು ಕಡಲು ಕೈಬಿಟ್ಟ ಮೇಲೆ ಈ ದ್ವೀಪ ನಾಣ್ಯದ ಆಮೆಯನ್ನು ದಡಕ್ಕೆ ಹತ್ತಿಸಿತು — ವಿದ್ವಾಂಸರ ಊಹೆ.

ಫೋನ್ ಮಾಡಬೇಕು.

ಮಾರ್ಚ್ 18

ಮಾಡಿದೆ. ಬಂದರು. ಲೆನ್ಸ್ ಹಿಡಿಸಿ ತೋರಿಸಿದೆ. ತುಂಬ ಹೊತ್ತು ನೋಡಿದರು.

"ಅವರಿಗೆ ಇದನ್ನ ತೋರ್ಸಿದ್ರೆ ಸಾಕಿತ್ತು. ನೆಲದಲ್ಲೇ ಇರು ಅಂತ ಇದೇ ಹೇಳ್ತಿತ್ತಲ್ಲ. ನಾನು ಕದ್ದು, ಮೂವತ್ತು ವರ್ಷ ಹುಡುಕಿಸ್ದೆ."

ಆಗ ಕಪ್ಪಾಗಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ ಅಂದೆ. ನಿಜವೇ. ಅಜ್ಜಿ ಮತ್ತೆ ಲೆನ್ಸಿಗೆ ಬಾಗಿದರು.

ದಾಖಲೆಯಲ್ಲಿ ಸಿಕ್ಕಿದ ವರ್ಷ 2019 ಎಂದು ಬರೆದೆ. ಮೂವತ್ತು ವರ್ಷ ಮುಚ್ಚಿಟ್ಟದ್ದು ಗೊತ್ತಾದರೆ ವಿಚಾರಣೆ. ಈ ವಯಸ್ಸಿಗೆ ಬೇಡ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಮೊದಲ ಸುಳ್ಳು.

ಮಾರ್ಚ್ 28

ನಾಣ್ಯ ಒಪ್ಪಿಸಿದ್ದಕ್ಕೆ ಕೊಟ್ಟ ರಸೀದಿಯನ್ನು ಯಾರಿಂದಲೋ ಓದಿಸಿಕೊಂಡು, ಅದನ್ನೇ ಹಿಡಿದು ಅಜ್ಜಿ ಬಂದರು.

"ವರ್ಷ ತಿದ್ದು ಮಗಳೇ."

ತೊಂದರೆಯಾಗುತ್ತದೆ, ಪೊಲೀಸರು ಬರಬಹುದು ಅಂದೆ.

"ಬರ್ಲಿ, ಕಾಫಿ ಕೊಡ್ತೀನಿ. ಈ ವರ್ಷ ಸಿಕ್ತು ಅಂದ್ರೆ ಅವರಿಗೆ ಸಿಕ್ಕೇ ಇರ್ಲಿಲ್ಲ ಅಂತಾಯ್ತು. ಊರವರು ಹಾಗೇ ಅಂತಿದ್ರು, ಸ್ತ್ರಾತಿಸ್‌ಗೆ ತಲೆ ಕೆಟ್ಟಿದೆ, ಇಲ್ಲದ ನಾಣ್ಯ ಹುಡುಕ್ತಾನೆ ಅಂತ. ನಾನು ಕೇಳ್ಕೊಂಡು ಸುಮ್ನಿದ್ದೆ."

2019 ಹೊಡೆದುಹಾಕಿದೆ. 1988. ಸಿಕ್ಕಿದ್ದು ಯಾರಿಗೆ: ಸ್ತ್ರಾತಿಸ್. ಅಜ್ಜಿ ಆ ಸಾಲಿನ ಕೆಳಗೆ ಬೆರಳಿಟ್ಟು, ಶಾಯಿ ಒಣಗುವ ತನಕ ತೆಗೆಯಲಿಲ್ಲ.

2:15

ಮ್ಯೂಸಿಯಂ ನಿರ್ದೇಶಕರು ಕರೆಸಿದ್ದರು. ತಿದ್ದಿದ್ದು ಯಾಕೆ, ಮೊದಲು ಬರೆದದ್ದು ಯಾರು ಎಂದು ಕೇಳಿದರು. ಅಜ್ಜಿಗೆ ವರ್ಷ ನೆನಪಿರಲಿಲ್ಲ ಎಂದುಬಿಡಬಹುದಿತ್ತು. ಅದನ್ನೇ ಹೇಳಲು ಬಾಯಿ ತೆರೆದೆ. ಹೊರಗಿನ ಬೆಂಚಿನ ಮೇಲೆ ಅಜ್ಜಿ ಇನ್ನೂ ಕೂತಿದ್ದರು, ಬಾಗಿಲು ತೆರೆದೇ ಇತ್ತು. ಸರ್, ಮೊದಲು ಬರೆದದ್ದು ನಾನೇ, ಗೊತ್ತಿದ್ದೂ ಸುಳ್ಳು ಬರೆದೆ ಅಂದೆ.